ಉಪಾಧ್ಯಾಯಿನಿಯರ ಕ್ಷೇಮವೂ ಶಾಲೆಯ ವೇಳಾಪಟ್ಟಿಯೂ

ನಮ್ಮ ಹಳೆಯ ವಿದ್ಯಾರ್ಥಿನಿಯರು ಮದುವೆಯ ಕರೆಯೋಲೆಯನ್ನು ಕೊಡುವದಕ್ಕೋ ತಮ್ಮ ಮಗಳನ್ನು ಸೇರಿಸುವದಕ್ಕೋ ಶಾಲೆಗೆ ಬಂದಾಗ ಹೊಸ ಪ್ರಯೋಗಶಾಲೆಯನ್ನು ತೋರಿಸಿದರೆ ಸಂತೋಷಪಡುತ್ತಾರೆ, ನಿಜ. ಆದರೂ ಅವರ ಕಣ್ಣು ಉಪಾಧ್ಯಾಯಿನಿಯರ ಕೋಣೆಯ ಕಡೆಗೇ ಹೋಗುತ್ತದೆ. "ನಮ್ಮ ಲೆಕ್ಕದ ಟೀಚರ್ ಇನ್ನೂ ಇದ್ದಾರೆಯೇ?" ಎಂಬದೇ ಅವರ ಮೊದಲನೆಯ ಪ್ರಶ್ನೆ. ಈ ಪ್ರಶ್ನೆಗೆ "ಇದ್ದಾರೆ" ಎಂದು ಉತ್ತರ ಕೊಡಲು ಶಾಲೆಯನ್ನು ನಡಿಸುವವರು ಏನು ಮಾಡತಕ್ಕದ್ದು ಎಂಬದೇ ಈ ಲೇಖನದ ವಿಷಯವು.

ಇದು ಆಡಳಿತದವರ ಒಳಗಿನ ಮಾತು, ಇದನ್ನು ಸ್ಮರಣ ಸಂಚಿಕೆಯಲ್ಲಿ ಯಾಕೆ ಬರೆಯಬೇಕು ಎಂದು ತಂದೆತಾಯಿಗಳು ಕೇಳಬಹುದು. ಹತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ನೆನೆದುಕೊಳ್ಳಿರಿ. ಜೂನ್ ತಿಂಗಳಲ್ಲಿ ಒಬ್ಬರು ಅವಳಿಗೆ ಬೀಜಗಣಿತವನ್ನು ಆರಂಭಿಸುತ್ತಾರೆ. ಸೆಪ್ಟೆಂಬರಿನಲ್ಲಿ ಅವರು ಬಿಟ್ಟುಹೋಗುತ್ತಾರೆ. ದಸರೆ ಕಳೆದ ಮೇಲೆ ಬಂದವರು ರೇಖಾಗಣಿತದಿಂದ ತೊಡಗುತ್ತಾರೆ. ಅವರೂ ನಿಲ್ಲದೆ, ಜನವರಿಯಲ್ಲಿ ಮೂರನೆಯವರು ಬಂದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲಾರಂಭಿಸುತ್ತಾರೆ. ಪಾಠಗಳೆಲ್ಲ ಮುಗಿದವೆಂದು ದಾಖಲೆಯಲ್ಲಿ ಬರೆಯಬಹುದು. ಆದರೆ ಈ ಹುಡುಗಿಯು ಉತ್ತರವು ತಿಳಿದಿದ್ದರೂ ಕೈ ಎತ್ತುವವಳಲ್ಲ, ಅವಳ ಬಳಿಗೆ ಹೋಗಿ ಮೆಲ್ಲನೆ ಕೇಳಬೇಕು ಎಂಬ ತಿಳಿವಳಿಕೆಯು ಯಾವ ದಾಖಲೆಯಲ್ಲಿಯೂ ಇರುವದಿಲ್ಲ. ಅದು ಮೊದಲನೆಯ ಉಪಾಧ್ಯಾಯಿನಿಯ ಸಂಗಡ ಗೇಟು ದಾಟಿ ಹೋಯಿತು. ಟ್ಯೂಷನ್ನಿಗೆ ಹಣ ಕೊಡಬಲ್ಲ ಮನೆಯವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಕೂಲಿಗೆ ಹೋಗುವ ತಾಯಿಯ ಮಗಳಿಗೆ ಶಾಲೆಯ ಟೀಚರಲ್ಲದೆ ಬೇರೆ ಗತಿಯಿಲ್ಲ. ಆದಕಾರಣ ಈ ವಿಷಯವು ನಿಮ್ಮದೂ ಹೌದು.

ಈ ತೊಂದರೆಯು ನಮ್ಮ ಊರಿನದು ಮಾತ್ರವಲ್ಲ. ಯುನೆಸ್ಕೋ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದಲ್ಲಿ ಪ್ರಾಥಮಿಕ ಶಾಲೆಯ ಕೆಲಸವನ್ನು ವರ್ಷವೊಂದರಲ್ಲಿ ಬಿಟ್ಟವರ ಪ್ರಮಾಣವು 2015ರಲ್ಲಿ ಶೇಕಡ 4.6 ಇದ್ದದ್ದು 2022ಕ್ಕೆ ಶೇಕಡ 9ನ್ನು ದಾಟಿತು. ಉಪಾಧ್ಯಾಯರ ಕೊರತೆಯೆಂದ ಕೂಡಲೆ ಇನ್ನಷ್ಟು ಜನರಿಗೆ ತರಬೇತಿ ಕೊಡಬೇಕೆಂದು ಹೇಳುವದು ವಾಡಿಕೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ರಿಚರ್ಡ್ ಇಂಗರ್ಸಾಲ್ ಎಂಬವರು 2001ರಲ್ಲಿ ಇದನ್ನು ಬೇರೆ ದಿಕ್ಕಿನಿಂದ ನೋಡಿದರು. ತಮ್ಮ ದೇಶದ ಶಾಲೆಗಳಲ್ಲಿ ಸ್ಥಳಗಳು ಖಾಲಿಯಾಗುವದು ಮುಖ್ಯವಾಗಿ ನಿವೃತ್ತಿಯಿಂದಲ್ಲ, ವಯಸ್ಸು ಇನ್ನೂ ಇರುವಾಗಲೇ ಬಿಟ್ಟುಹೋಗುವವರಿಂದ ಎಂದು ಅವರು ತೋರಿಸಿದರು. ತೂತುಬಿದ್ದ ಕೊಡಕ್ಕೆ ಎಷ್ಟು ನೀರು ಸೇದಿ ಹೊಯ್ದರೇನು? ಅತೃಪ್ತಿಯಿಂದ ಹೋದವರು ಹೇಳಿದ ಕಾರಣಗಳಲ್ಲಿ ಸಂಬಳವು ಸಾಲದೆಂಬದು ಇತ್ತು; ಅದರೊಂದಿಗೆ ಶಾಲೆಯ ಆಡಳಿತದ ಬೆಂಬಲವಿಲ್ಲವೆಂಬದು, ಮಕ್ಕಳ ಶಿಸ್ತಿನ ತೊಂದರೆ, ಶಾಲೆಯ ತೀರ್ಮಾನಗಳಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂಬದು, ಇವೂ ಇದ್ದವು. ಈ ಕಡೆಯ ಮೂರೂ ಶಾಲೆಯ ಮುಖ್ಯಸ್ಥರ ಕೈಯೊಳಗಿನವು.

ನಮ್ಮ ನಾಡಿನ ಸ್ಥಿತಿಯು ಸ್ವಲ್ಪ ಬೇರೆ. ಇಲ್ಲಿ ಸರಕಾರಿ ನೇಮಕಾತಿಯ ಪ್ರಕಟಣೆಯು ಬಂತೆಂದರೆ ಅನುದಾನವಿಲ್ಲದ ಶಾಲೆಗಳ ಸ್ಟಾಫ್‌ರೂಮುಗಳಲ್ಲಿ ಓದುವ ಪುಸ್ತಕಗಳು ಬದಲಾಗುತ್ತವೆ. 2022ರಲ್ಲಿ ಕರ್ನಾಟಕ ಸರಕಾರದವರು 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಸ್ಥಳಗಳಿಗೆ ಪರೀಕ್ಷೆ ನಡಿಸಿದಾಗ ಹೀಗೆಯೇ ಆಯಿತು. ಇಂಥ ಕೆಲಸ ಸಿಕ್ಕಿ ಹೋಗುವವರನ್ನು ಹರಸಿ ಕಳುಹಿಸತಕ್ಕದ್ದು. ಅವರನ್ನು ತಡೆಯುವದು ಆಗದ ಮಾತು, ತಕ್ಕ ಮಾತೂ ಅಲ್ಲ. ಸಂಬಳದ ವಿಷಯವಾಗಿ ಮುಖ್ಯೋಪಾಧ್ಯಾಯಿನಿಯ ಅಧಿಕಾರವು ಚಿಕ್ಕದು. ಆದರೂ ಸಂಬಳವು ಗೊತ್ತಾದ ತಾರೀಕಿಗೆ ಕೈಸೇರುವಂತೆ ಆಡಳಿತ ಮಂಡಳಿಯನ್ನು ಒತ್ತಾಯಿಸುವದು ಅವಳ ಕರ್ತವ್ಯ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಖಾಸಗಿ ಶಾಲೆಗಳ ಅನೇಕ ಉಪಾಧ್ಯಾಯರು ಸಂಬಳವಿಲ್ಲದೆ ತಿಂಗಳುಗಳನ್ನು ಕಳೆದರು. 2021ರ ಜೂನಿನಲ್ಲಿ ಸರಕಾರದವರು ಅಂಥವರಿಗೆ ಒಂದು ಸಾರಿ 5,000 ರೂಪಾಯಿಗಳ ಸಹಾಯವನ್ನು ಸಾರಬೇಕಾಯಿತು. ಗ್ರಾಚ್ಯುಯಿಟಿಯ ಹಕ್ಕು ಉಪಾಧ್ಯಾಯರಿಗೂ ಉಂಟೆಂದು 2009ರಲ್ಲಿ ಕಾಯಿದೆಯನ್ನು ತಿದ್ದಿದರು. ಸುಪ್ರೀಂ ಕೋರ್ಟು 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಈ ಸಂಗತಿಯನ್ನು ಕೆಲಸಕ್ಕೆ ಸೇರುವ ದಿನವೇ ತಿಳಿಸಿದರೆ ಹೊಸಬಳಿಗೆ ಈ ಶಾಲೆಯವರು ತನ್ನನ್ನು ಹತ್ತು ವರ್ಷದ ಲೆಕ್ಕದಲ್ಲಿ ನೋಡುತ್ತಿದ್ದಾರೆ ಎಂಬ ಭರವಸೆ ಹುಟ್ಟುತ್ತದೆ. ಇನ್ನು ಇಷ್ಟೇ ಸಂಬಳಕ್ಕೆ ಪಕ್ಕದ ಶಾಲೆಗೆ ಹೋಗುವವರೂ, ಕೆಲಸವನ್ನೇ ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳುವವರೂ ಇದ್ದಾರಷ್ಟೆ. ಅವರು ಹೋಗುವ ಕಾರಣವನ್ನು ಹಣದಲ್ಲಿ ಹುಡುಕಿದರೆ ಸಿಕ್ಕುವದಿಲ್ಲ. ನಮ್ಮ ಅನುಭವದಲ್ಲಿ ಅದು ಹೆಚ್ಚಾಗಿ ಸಿಕ್ಕುವದು ವೇಳಾಪಟ್ಟಿಯಲ್ಲಿ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಕನ್ನಡವನ್ನು ಕಲಿಸುವ ಒಬ್ಬ ಉಪಾಧ್ಯಾಯಿನಿಗೆ 5 ವಿಭಾಗಗಳು, ಒಂದೊಂದರಲ್ಲಿ 50 ಮಂದಿ ಹುಡುಗಿಯರು, ಒಂದೊಂದು ವಿಭಾಗಕ್ಕೂ ವಾರಕ್ಕೆ 6 ಪೀರಿಯಡ್ ಎಂದಿಟ್ಟುಕೊಳ್ಳಿರಿ. ವಾರದಲ್ಲಿ ಒಟ್ಟು 40 ಪೀರಿಯಡ್ ಇದ್ದರೆ 30 ಪಾಠಕ್ಕೆ ಹೋಗಿ 10 ಉಳಿಯುತ್ತವೆ. ಇವಕ್ಕೆ ಸ್ಟಾಫ್‌ರೂಮಿನಲ್ಲಿ ಲೀಷರ್ ಪೀರಿಯಡ್ ಎನ್ನುತ್ತಾರೆ. ಹೆಸರು ಕೇಳಿದವರು ಇದನ್ನು ವಿಶ್ರಾಂತಿಯೆಂದು ತಿಳಿಯಬಾರದು. ಒಂದು ಪೀರಿಯಡ್ 40 ನಿಮಿಷವಾದರೆ ಈ ಬಿಡುವು 400 ನಿಮಿಷ, ಅಂದರೆ 6 ಗಂಟೆ 40 ನಿಮಿಷ. ಈಗ ವಾರಕ್ಕೊಂದು ಪ್ರಬಂಧವನ್ನು ಎಲ್ಲರಿಂದಲೂ ಬರೆಯಿಸಿ ತಿದ್ದಬೇಕೆಂದು ಶಾಲೆಯ ನಿಯಮವಿದೆ ಎನ್ನೋಣ. ಒಂದು ಪ್ರಬಂಧವನ್ನು ಓದಿ, ತಿದ್ದಿ, ಕೆಳಗೆ ಎರಡು ಮಾತು ಬರೆಯುವದಕ್ಕೆ 4 ನಿಮಿಷ ಬೇಕು. 250 ಪ್ರಬಂಧಗಳಿಗೆ 1,000 ನಿಮಿಷ; ಅದು 16 ಗಂಟೆ 40 ನಿಮಿಷ. ಬಿಡುವಿನ ವೇಳೆಯೆಲ್ಲ ಇದಕ್ಕೇ ಹೋದರೂ 10 ಗಂಟೆಗಳ ಕೆಲಸವು ಚೀಲದಲ್ಲಿ ಮನೆಗೆ ಹೋಗುತ್ತದೆ. ಅಲ್ಲಿ ಒಲೆಯೂ ಮಕ್ಕಳೂ ಮುದುಕರಾದ ಅತ್ತೆಮಾವಂದಿರೂ ಕಾದಿರುತ್ತಾರೆ. ಪಾಠಕ್ಕೆ ಸಿದ್ಧವಾಗುವ ಹೊತ್ತನ್ನು ನಾವು ಇನ್ನೂ ಎಣಿಸಿಯೇ ಇಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಾದರೋ ಎಂಟನೆಯ ತರಗತಿಯ ವರೆಗಿನ ಉಪಾಧ್ಯಾಯರಿಗೆ ವಾರಕ್ಕೆ 45 ಗಂಟೆಗಳ ಕೆಲಸವನ್ನು ಹೇಳುವಾಗ ಸಿದ್ಧತೆಯ ಹೊತ್ತನ್ನೂ ಅದರಲ್ಲಿಯೇ ಸೇರಿಸಿದೆ.

ಇಂಥ ನಿಯಮವನ್ನು ಮಾಡುವವರು ಗಡಿಯಾರವನ್ನು ನೋಡದೆ ಮಾಡುತ್ತಾರೆ. ಅದೇ ಪ್ರಬಂಧಗಳನ್ನು ಸರದಿಯಿಂದ ವಾರಕ್ಕೆ ಒಂದು ವಿಭಾಗದಂತೆ ಪೂರ್ತಿ ತಿದ್ದಿದರೆ 50 ಪ್ರಬಂಧ, 200 ನಿಮಿಷ. ಬಿಡುವಿನ ವೇಳೆಯ ಅರ್ಧವು ಪಾಠದ ಸಿದ್ಧತೆಗೆ ಉಳಿಯುತ್ತದೆ, ಚೀಲವು ಹಗುರವಾಗುತ್ತದೆ. ಮಿಕ್ಕ ವಾರಗಳಲ್ಲಿ ಹುಡುಗಿಯರು ಒಬ್ಬರದನ್ನೊಬ್ಬರು ಓದಿ ತಿದ್ದಲಿ; ಇದರಿಂದ ಅವರ ಕಾಗುಣಿತವು ಕೆಡುವದಿಲ್ಲ, ಸುಧಾರಿಸುವದೇ ಹೆಚ್ಚು. "ಪುಸ್ತಕದಲ್ಲಿ ಕೆಂಪು ಶಾಯಿಯೇ ಕಾಣುವದಿಲ್ಲ" ಎಂದು ಕೆಲವು ತಂದೆತಾಯಿಗಳು ದೂರುತ್ತಾರೆ. ಅವರಿಗೆ ಉತ್ತರ ಕೊಡತಕ್ಕವಳು ಮುಖ್ಯೋಪಾಧ್ಯಾಯಿನಿ, ಕನ್ನಡದ ಟೀಚರಲ್ಲ. ಪುಟಪುಟಕ್ಕೂ ಎಳೆದ ಕೆಂಪು ಗೆರೆಯು ಆ ಪುಸ್ತಕವು ತೆರೆಯಲ್ಪಟ್ಟಿತೆಂಬದನ್ನು ಮಾತ್ರ ತೋರಿಸುತ್ತದೆ, ಓದಲ್ಪಟ್ಟಿತೆಂಬದನ್ನಲ್ಲ.

ಲೀಷರ್ ಪೀರಿಯಡ್‌ನ್ನು ನುಂಗುವ ಇನ್ನೊಂದು ಬಾಯಿ ಬದಲಿ ಪಾಠದ ಪುಸ್ತಕ. ಒಬ್ಬರು ರಜೆಯಲ್ಲಿದ್ದರೆ ಅವರ ತರಗತಿಗಳನ್ನು ಬಿಡುವಿದ್ದವರಿಗೆ ಹಂಚಿ ಈ ಪುಸ್ತಕವನ್ನು ಬೆಳಿಗ್ಗೆ ಜವಾನನ ಕೈಯಲ್ಲಿ ಕಳುಹಿಸುತ್ತಾರೆ. ಸ್ಟಾಫ್‌ರೂಮಿಗೆ ಅದು ಬರುವಾಗ ಅಲ್ಲಿಯ ಮುಖಗಳನ್ನು ನೋಡಬೇಕು! ಯಾವಾಗಲೂ ಇಲ್ಲವೆನ್ನದವಳ ಹೆಸರೇ ಅದರಲ್ಲಿ ಮೇಲಿಂದ ಮೇಲೆ ಬರುತ್ತದೆ, ಕಡೆಗೆ ಆ ಇಲ್ಲವೆನ್ನದವಳೇ ರಾಜೀನಾಮೆ ಬರೆಯುತ್ತಾಳೆ. ಇದಕ್ಕೆ ಪರಿಹಾರವು ಕಷ್ಟವಲ್ಲ. ತಿಂಗಳ ಕೊನೆಯಲ್ಲಿ ಯಾರಿಗೆ ಎಷ್ಟು ಬದಲಿ ಪಾಠಗಳು ಬಿದ್ದವೆಂದು ಕೂಡಿ ಗೋಡೆಗೆ ಹಚ್ಚಬೇಕು. ವಾರಕ್ಕೆ ಎರಡನ್ನು ಯಾರೂ ಮೀರಬಾರದು. ಮೀರುವ ಹಾಗಿದ್ದರೆ ಎರಡು ವಿಭಾಗಗಳನ್ನು ಒಟ್ಟಿಗೆ ವಾಚನಾಲಯದಲ್ಲಿ ಕುಳ್ಳಿರಿಸಬೇಕು, ಇಲ್ಲವೆ ಮುಖ್ಯೋಪಾಧ್ಯಾಯಿನಿಯೇ ಸೀಮೆಸುಣ್ಣ ಹಿಡಿದು ಹೋಗಬೇಕು. ಪಾಠಮಾಡದ ಮುಖ್ಯೋಪಾಧ್ಯಾಯಿನಿಗೆ ಒಂಬತ್ತನೆಯ ತರಗತಿಯ ಕೊನೆಯ ಪೀರಿಯಡ್ ಎಂಥದೆಂಬದು ಬೇಗನೆ ಮರೆತುಹೋಗುತ್ತದೆ.

ವೇಳೆಯನ್ನು ಕದಿಯುವವು ಇನ್ನೂ ಇವೆ. ಸ್ಯಾಟ್ಸ್ ಎಂಬ ಗಣಕಯಂತ್ರದ ದಾಖಲೆಯನ್ನು ತುಂಬುವದು, ಒಂದೇ ಅಂಕಿಯನ್ನು ಮೂರು ನಮೂನೆಗಳಲ್ಲಿ ಬರೆಯುವದು, ಹೋದ ವರ್ಷದ ಪಾಠಟಿಪ್ಪಣಿಯನ್ನೇ ಹೊಸ ಪುಸ್ತಕಕ್ಕೆ ಅಂದವಾಗಿ ನಕಲು ಮಾಡುವದು. ಈ ನಕಲನ್ನು ಬೇಡುವ ಮುಖ್ಯೋಪಾಧ್ಯಾಯಿನಿಯರು ಇನ್ನೂ ಇದ್ದಾರೆ. ಅದರಿಂದ ಯಾವ ಮಗುವಿಗೆ ಏನು ಬಂತೋ ನಾವರಿಯೆವು. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಉಪಾಧ್ಯಾಯರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆಂದು ಮೇಲೆ ಹೇಳಿದ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಆದರೂ 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಉಪಾಧ್ಯಾಯರು ಮನೆಮನೆಗೆ ತಿರುಗಿದರು, ದಸರಾ ರಜೆಯನ್ನು ಅಕ್ಟೋಬರ್ 18ರ ವರೆಗೆ ಚಾಚಬೇಕಾಯಿತು. ಇಂಥವನ್ನು ತಪ್ಪಿಸುವದು ನಮ್ಮ ಕೈಯಲ್ಲಿಲ್ಲ. ಹೋದ ದಿನಗಳ ಪಾಠವನ್ನು ಯಾವ ಭಾನುವಾರ ತುಂಬಿಸುತ್ತೀರಿ ಎಂದು ಮರುದಿನವೇ ಕೇಳದಿರುವದು ನಮ್ಮ ಕೈಯಲ್ಲಿದೆ. ಸಾಯಂಕಾಲದ ಸಭೆಗಳ ವಿಷಯವೂ ಹಾಗೆಯೇ. ಹಳ್ಳಿಯಿಂದ ಬರುವ ಟೀಚರಿಗೆ 4-40ರ ಬಸ್ಸು ತಪ್ಪಿದರೆ ಮುಂದಿನದು 6-30ಕ್ಕೆ. ಯಾರ ಬಸ್ಸು ಎಷ್ಟು ಹೊತ್ತಿಗೆ ಎಂಬದು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಬರೆದಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ರೋಗಗಳ ತಮ್ಮ ವರ್ಗೀಕರಣದಲ್ಲಿ, ಕೆಲಸದ ಒತ್ತಡವು ಬಹುಕಾಲ ಪರಿಹಾರವಿಲ್ಲದೆ ಉಳಿದು ಮನುಷ್ಯನು ಬತ್ತಿಹೋಗುವ ಸ್ಥಿತಿಯನ್ನು ಸೇರಿಸಿದರು. ಅದನ್ನು ರೋಗವೆಂದು ಕರೆಯದೆ ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿಯೆಂದು ಕರೆದರು. ಈ ಭೇದವನ್ನು ಶಾಲೆಗಳು ಚೆನ್ನಾಗಿ ಗಮನಿಸಬೇಕು. ಯಾಕಂದರೆ ಈಚೆಗೆ ಉಪಾಧ್ಯಾಯರಿಗೆ ಮನಶ್ಶಾಂತಿಯ ಉಪನ್ಯಾಸಗಳನ್ನು ಏರ್ಪಡಿಸುವ ರೂಢಿ ಬಂದಿದೆ, ಅದೂ ಶನಿವಾರ ಮಧ್ಯಾಹ್ನ, ವಾರದಲ್ಲಿ ಸಿಕ್ಕುವ ಒಂದೇ ಅರ್ಧ ದಿನದಲ್ಲಿ! ಸೆಪ್ಟೆಂಬರ್ 5ರಂದು ಒಂದು ಗುಲಾಬಿಯನ್ನು ಕೈಗಿತ್ತು 6ರಂದು ಮೂರು ಬದಲಿ ಪಾಠಗಳನ್ನು ಹಾಕುವದೂ ಇಂಥದೇ. ಹೂವನ್ನು ಕೊಡಬಾರದೆಂದಲ್ಲ.

ಇನ್ನು ತಂದೆತಾಯಿಗಳಿಗೆ ನೇರವಾಗಿ ಸೇರಿದ ಮಾತು. ನಮ್ಮ ಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ತಂದೆಯವರು ಮಗಳಿಗೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದ ಅಂಕಗಳನ್ನು ಬೇಕೆಂದೇ ಕಡಿಮೆ ಕೊಟ್ಟಿದ್ದಾರೆಂದು ಕೋಪದಿಂದ ಬಂದರು. ನೆಟ್ಟಗೆ ತರಗತಿಯ ಬಾಗಿಲಿಗೆ ಹೋಗುವವರಿದ್ದರು. ಅವರನ್ನು ಆಫೀಸಿನಲ್ಲಿ ಕುಳ್ಳಿರಿಸಿ, ಪೂರ್ತಿ ಕೇಳಿ, ಪೀರಿಯಡ್ ಮುಗಿದ ಮೇಲೆ ಟೀಚರನ್ನು ಪ್ರತ್ಯೇಕವಾಗಿ ವಿಚಾರಿಸಿ, ಅನಂತರ ಮೂವರೂ ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟು ಮೊದಲಿನಿಂದ ಕೂಡಿದೆವು. ಅಂಕಗಳು ಸರಿಯಾಗಿದ್ದವು. ಎರಡು ಚಿತ್ರಗಳಿಗೆ ಹೆಸರು ಬರೆಯದೆ ಬಿಟ್ಟದ್ದರಿಂದ ಹುಡುಗಿಗೆ ಅಂಕ ಹೋಗಿತ್ತು. ತಂದೆಯವರು ಸಮಾಧಾನದಿಂದ ಹೋದರು. ಆ ಟೀಚರಮ್ಮನು ಆಗ ಕೆಲಸಕ್ಕೆ ಬಂದು ಮೂರನೆಯ ವರ್ಷ. ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಇಂಥದೇ ದೂರು ಬಂದಾಗ ಹುಡುಗಿಯರೆದುರಿಗೇ ತನ್ನಿಂದ ಕ್ಷಮೆ ಕೇಳಿಸಿದರು, ಆ ವಾರವೇ ಅದನ್ನು ಬಿಟ್ಟೆನು ಎಂದು ಆಕೆ ಆ ದಿನ ಸಾಯಂಕಾಲ ನಮಗೆ ಹೇಳಿದಳು. ಈಗಲೂ ನಮ್ಮಲ್ಲಿಯೇ ಇದ್ದಾಳೆ.

ಹೀಗೆಂದರೆ ಟೀಚರು ಏನು ಮಾಡಿದರೂ ಮುಖ್ಯೋಪಾಧ್ಯಾಯಿನಿಯು ಮುಚ್ಚಿಹಾಕಬೇಕೆಂದು ಅರ್ಥವಲ್ಲ. ತಪ್ಪಿದ್ದರೆ ಬಾಗಿಲು ಹಾಕಿಕೊಂಡು ಸ್ಪಷ್ಟವಾಗಿ ಹೇಳತಕ್ಕದ್ದು. ಮಗುವಿಗೆ ಆದ ಅನ್ಯಾಯವನ್ನು ಸರಿಪಡಿಸತಕ್ಕದ್ದು. ಆದರೆ ಮಕ್ಕಳ ಮುಂದೆ ಮಾನ ಕಳೆದುಕೊಂಡ ಉಪಾಧ್ಯಾಯಿನಿಯು ಮರುದಿನ ಅದೇ ನಲವತ್ತೈವತ್ತು ಮುಖಗಳೆದುರಿಗೆ ನಿಲ್ಲಲಾರಳು. ರಾತ್ರಿ ಹತ್ತು ಗಂಟೆಗೆ ವಾಟ್ಸಪ್ಪಿನಲ್ಲಿ "ನಾಳೆ ಯಾವ ಪಾಠದ ಪರೀಕ್ಷೆ?" ಎಂದು ಕೇಳುವವರಿಗೆ ನಾವು ಕೈಮುಗಿದು ಹೇಳುವದೇನೆಂದರೆ, ಅದು ಮಗಳ ಡೈರಿಯಲ್ಲಿದೆ. ಸಾಯಂಕಾಲ 6ರ ಮೇಲೆ ಟೀಚರಿಗೆ ಸಂದೇಶ ಕಳುಹಿಸಬಾರದೆಂಬ ನಿಯಮವನ್ನು ಶಾಲೆಯು ಮಾಡಿದರೆ ಅದು ಮೊದಲು ಮುಖ್ಯೋಪಾಧ್ಯಾಯಿನಿಗೇ ಅನ್ವಯಿಸಬೇಕು.

ಹೊಸದಾಗಿ ಬಂದವರ ಪಾಡು ಬೇರೆಯೇ. ಡ್ಯಾನ್ ಲಾರ್ಟಿ ಎಂಬವರು 1975ರಲ್ಲಿ ಉಪಾಧ್ಯಾಯರ ಜೀವನದ ವಿಷಯವಾಗಿ ಬರೆದ ಗ್ರಂಥದಲ್ಲಿ ಶಾಲೆಯನ್ನು ಮೊಟ್ಟೆಗಳನ್ನಿಡುವ ತಟ್ಟೆಗೆ ಹೋಲಿಸಿದ್ದಾರೆ. ಒಂದೊಂದು ಗುಣಿಯಲ್ಲಿ ಒಂದೊಂದು ಮೊಟ್ಟೆ, ಪಕ್ಕದ್ದನ್ನು ಮುಟ್ಟುವದಿಲ್ಲ. ನಮ್ಮಲ್ಲಿ ಇದಕ್ಕೆ ಇನ್ನೊಂದು ಪದ್ಧತಿಯೂ ಸೇರಿದೆ. ಹಿರಿಯರು ತಮಗೆ ಬೇಕಾದ ವಿಭಾಗಗಳನ್ನು ಆರಿಸಿಕೊಂಡ ಮೇಲೆ ಉಳಿದ ಗಲಾಟೆಯ ವಿಭಾಗವೂ, ಊಟದ ನಂತರದ ಪೀರಿಯಡ್‌ಗಳೂ, ಶಾಲೆಯ ದಿನೋತ್ಸವದ ನೃತ್ಯವೂ ಬಿ.ಎಡ್. ಮುಗಿಸಿ ನಿನ್ನೆ ಬಂದ ಹುಡುಗಿಯ ಪಾಲಿಗೆ. ಈಜು ಬಾರದವಳನ್ನು ನಡುಹೊಳೆಯಲ್ಲಿ ಬಿಟ್ಟು ದಡದಲ್ಲಿ ನಿಂತು ನೋಡಿದಂತೆ. ಮೊದಲನೆಯ ವರ್ಷದಲ್ಲಿ ಅವಳಿಗೆ ಒಂದೆರಡು ಪೀರಿಯಡ್ ಕಡಿಮೆ ಇರಲಿ, ಒಂದೇ ಪಾಠವನ್ನು ಎರಡು ಮೂರು ವಿಭಾಗಗಳಲ್ಲಿ ಹೇಳುವಂತಿರಲಿ. ಅದೇ ವಿಷಯವನ್ನು ಕಲಿಸುವ ಹಿರಿಯಳೊಬ್ಬಳನ್ನು ಅವಳಿಗೆ ಜೊತೆಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಜೊತೆಮಾಡಿದೆವೆಂದು ಬಾಯಲ್ಲಿ ಹೇಳಿ ಇಬ್ಬರಿಗೂ ಒಂದೇ ಹೊತ್ತಿಗೆ ಬಿಡುವು ಇಲ್ಲದಿದ್ದರೆ ಅವರು ಮಾತಾಡುವದು ಯಾವಾಗ? ವೇಳಾಪಟ್ಟಿಯನ್ನು ಹಾಕುವಾಗ ಈ ಎರಡು ಲೀಷರ್‌ಗಳನ್ನು ಮೊದಲು ಗುರುತಿಸಿ, ಮಿಕ್ಕದ್ದನ್ನು ಅನಂತರ ತುಂಬಬೇಕು. ಕೊನೆಗೆ ಹೊಂದಿಸೋಣವೆಂದು ಬಿಟ್ಟರೆ ಎಂದೂ ಹೊಂದುವದಿಲ್ಲ.

ದೇಹದ ಕ್ಷೇಮವನ್ನು ನಮ್ಮ ಶಾಲೆಗಳು ಮಾತಿಗೆ ತರುವದೇ ಇಲ್ಲ. ಬಡಗಿಗೆ ಉಳಿ ಹೇಗೋ ಟೀಚರಿಗೆ ಗಂಟಲು ಹಾಗೆ. ಅಮೆರಿಕದ ಎರಡು ಸಂಸ್ಥಾನಗಳಲ್ಲಿ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಉಪಾಧ್ಯಾಯರೊಳಗೆ ಶೇಕಡ 57.7 ಮಂದಿ ತಮ್ಮ ಆಯುಸ್ಸಿನಲ್ಲಿ ಎಂದಾದರೂ ಧ್ವನಿಯ ತೊಂದರೆಯನ್ನು ಅನುಭವಿಸಿದ್ದರು. ಇತರ ಜನರಲ್ಲಿ ಅಂಥವರು ಶೇಕಡ 28.8 ಮಾತ್ರ. ರಸ್ತೆಯ ಪಕ್ಕದ ಕೋಣೆಯಲ್ಲಿ 50 ಮಂದಿಗೆ ಕೇಳಿಸುವಂತೆ ದಿನಕ್ಕೆ ಐದು ಪೀರಿಯಡ್ ಕೂಗಿದರೆ ಯಾವ ಗಂಟಲು ಉಳಿದೀತು? ಮೇಲಿಂದ ಮೇಲೆ ಸ್ವರ ಬೀಳುವವರನ್ನು ಗದ್ದಲವಿಲ್ಲದ ಕೋಣೆಗೆ ಹಾಕಬೇಕು, ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಮೈಕನ್ನು ಶಾಲೆಯೇ ಕೊಂಡು ಕೊಡಬೇಕು, ವಾಸಿಯಾಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿಬರಲು ರಜೆ ಕೊಡಬೇಕು. ಇನ್ನು ಹೇಳಲು ಸಂಕೋಚಪಡುವ ಮಾತೊಂದಿದೆ. ಸಂಕೋಚದಿಂದಲೇ ಅದು ಕೆಟ್ಟಿದೆ. ಶೌಚಗೃಹವು ದೂರ, ಪೀರಿಯಡ್‌ಗಳ ನಡುವೆ ಬಿಡುವಿಲ್ಲ ಎಂದು ಎಷ್ಟೋ ಮಂದಿ ಟೀಚರುಗಳು ಬೆಳಗಿನಿಂದ ಸಂಜೆಯ ವರೆಗೆ ನೀರನ್ನೇ ಕುಡಿಯುವದಿಲ್ಲ. ಮೂತ್ರದ ಉರಿ ಬಂದು ಮಲಗಿದ ಮೇಲೆ ಅವರ ಬದಲಿ ಪಾಠವು ಇನ್ನೊಬ್ಬಳಿಗೆ ಬೀಳುತ್ತದೆ. ಉಪಾಧ್ಯಾಯಿನಿಯರಿಗೆ ಪ್ರತ್ಯೇಕವಾದ, ನೀರಿರುವ, ಒಳಗಿನಿಂದ ಅಗುಳಿ ಹಾಕಲಾಗುವ ಶೌಚಗೃಹವು ಇಲ್ಲದ ಶಾಲೆಯು ಉಪಾಧ್ಯಾಯಿನಿಯರು ನಿಲ್ಲುವದಿಲ್ಲವೆಂದು ಮರುಗುವದಕ್ಕೆ ಅರ್ಥವಿಲ್ಲ. ತಿಂಗಳಿಗೊಂದು ದಿನ ಮುಟ್ಟಿನ ರಜೆ ಕೊಡುವ ನೀತಿಯನ್ನು 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಒಪ್ಪಿತು. ರಜೆಯು ಕಾಗದದ ಮೇಲಿದ್ದು, ತೆಗೆದುಕೊಂಡವಳ ಪಾಠವನ್ನು ಹೊತ್ತ ಗೆಳತಿಯು ಮುಖ ಸಿಂಡರಿಸುವಂತಿದ್ದರೆ ಅದನ್ನು ಯಾರೂ ಕೇಳಲಾರರು. ಇಲ್ಲಿಯೂ ಮಾತು ಬದಲಿ ಪಾಠದ ಪುಸ್ತಕಕ್ಕೇ ಬಂದು ನಿಲ್ಲುತ್ತದೆ.

ಹೆಂಗಸರು ಕೆಲಸ ಬಿಡುವ ದೊಡ್ಡ ಬಾಗಿಲು ಹೆರಿಗೆ. ಇಂಗ್ಲೆಂಡಿನಲ್ಲಿ ಅನೇಕ ಕಡೆಗಳಲ್ಲಿ ಮದುವೆಯಾದ ಕೂಡಲೆ ಉಪಾಧ್ಯಾಯಿನಿಯು ಕೆಲಸವನ್ನು ಬಿಡಬೇಕೆಂಬ ನಿಯಮವಿತ್ತು. 1944ರ ಶಿಕ್ಷಣ ಕಾಯಿದೆಯು ಅದನ್ನು ತೆಗೆದುಹಾಕಿತು. ನಮ್ಮಲ್ಲಿ 1961ರ ಹೆರಿಗೆ ಸೌಲಭ್ಯದ ಕಾಯಿದೆಯನ್ನು 2017ರಲ್ಲಿ ತಿದ್ದಿ, ಮೊದಲನೆಯ ಎರಡು ಮಕ್ಕಳಿಗೆ 12 ವಾರವಿದ್ದ ರಜೆಯನ್ನು 26 ವಾರ ಮಾಡಿದರು. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆಗಳಲ್ಲಿ ಕೂಸಿನ ಮನೆ ಇರಬೇಕೆಂದರು. ನಮ್ಮಂಥ ಶಾಲೆಗಳಲ್ಲಿ ಐವತ್ತು ಮಂದಿ ಎಲ್ಲಿದ್ದಾರೆ? ಆದರೂ ಒಂದು ಕೋಣೆ, ಎರಡು ತೊಟ್ಟಿಲು, ಒಬ್ಬ ಆಯಾ, ಇಷ್ಟಕ್ಕೆ ಬಹಳ ಖರ್ಚಿಲ್ಲ. ಎಂಟು ವರ್ಷ ಪಾಠಮಾಡಿ ಪಳಗಿದ ಒಬ್ಬಳನ್ನು ಕಳೆದುಕೊಂಡು ಹೊಸಬಳನ್ನು ಹುಡುಕುವದಕ್ಕಿಂತ ಇದು ಅಗ್ಗ ಎಂದು ಆಡಳಿತ ಮಂಡಳಿಯವರಿಗೆ ಲೆಕ್ಕದಿಂದಲೇ ತೋರಿಸಬಹುದು.

ಕಷ್ಟವಿರುವದು ಆ 26 ವಾರಗಳ ಪಾಠವನ್ನು ಯಾರು ಹೇಳುವದೆಂಬದರಲ್ಲಿ. ಉಳಿದವರಿಗೆ ಹಂಚಿದರೆ ಒಬ್ಬಳ ಕ್ಷೇಮಕ್ಕಾಗಿ ಐವರ ಬೆನ್ನು ಮುರಿಯುತ್ತದೆ. ಆರು ತಿಂಗಳ ಮಟ್ಟಿಗೆ ಹೊರಗಿನಿಂದ ಬರುವವರು ಸಿಕ್ಕುವದಿಲ್ಲ. ಸಿಕ್ಕಿದರೆ ನಮ್ಮ ಪದ್ಧತಿಯನ್ನು ಅರಿಯುವದರೊಳಗೆ ಅವಧಿಯು ಮುಗಿಯುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಿ.ಎಡ್. ಮಾಡಿಯೂ ಮನೆಯಲ್ಲಿರುವವರು, ನಿವೃತ್ತರಾದವರು, ಮಕ್ಕಳು ದೊಡ್ಡವರಾಗಿ ಹಗಲು ಹೊತ್ತು ಬಿಡುವಾದವರು ಎಷ್ಟೋ ಮಂದಿ ಇದ್ದೀರಿ. ಈ ಶಾಲೆಯ ಗಂಟೆಯೂ ಪ್ರಾರ್ಥನೆಯ ಸಾಲೂ ನಿಮಗೆ ಹೊಸದಲ್ಲ. ಇಂಥವರಿಗಾಗಿ ಆಫೀಸಿನಲ್ಲಿ ಒಂದು ಪುಸ್ತಕವನ್ನು ತೆರೆದಿದ್ದೇವೆ. ನಿಮ್ಮ ವಿಷಯವೇನು, ವರ್ಷದ ಯಾವ ತಿಂಗಳುಗಳಲ್ಲಿ ಬರಬಲ್ಲಿರಿ, ದಿನವೆಲ್ಲವೋ ಬೆಳಿಗ್ಗೆ ಮಾತ್ರವೋ ಎಂಬದನ್ನು ಅದರಲ್ಲಿ ಬರೆಯಿರಿ, ಇಲ್ಲವೆ ಕಾಗದದಲ್ಲಿ ತಿಳಿಸಿರಿ. ಸಂಬಳವನ್ನು ತಿಂಗಳ ಲೆಕ್ಕದಿಂದ ಕೊಡಲಾಗುವದು. ಬರುವ ವರ್ಷದ ವೇಳಾಪಟ್ಟಿಯನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಹಾಕುತ್ತೇವೆ. ಹೆಸರುಗಳು ಅದಕ್ಕೆ ಮುಂಚೆ ಬಂದರೆ ಅನುಕೂಲ.